‘ನೀ ಯಾರ ಪೈಕಿ?’ : ಎಳೆಯ ಮಕ್ಕಳ ಶಾಲೆಯಲ್ಲಿ ಹುಟ್ಟುವ ಒಂದು ಪ್ರಶ್ನೆ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿನಿ)

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂದು ಹಿರಿಯರು ಕೇಳುತ್ತಾರೆ. ಈ ಗಾದೆಯನ್ನು ನಾವು ಮಕ್ಕಳ ಓದಿಗೆ, ನಡತೆಗೆ, ಅಕ್ಷರದ ಅಂದಕ್ಕೆ ಹೇಳುವುದುಂಟು. ಆದರೆ ‘ನಮ್ಮವರು’, ‘ಅವರು’ ಎಂಬ ಭಾವನೆಯೂ ಗಿಡವಿರುವಾಗಲೇ ಒಂದು ಕಡೆಗೆ ಬಾಗಿ ನಿಲ್ಲುತ್ತದೆಂಬುದನ್ನು ಮರೆಯುತ್ತೇವೆ. ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಪ್ರಾಥಮಿಕ ಶಾಲೆಗಳಲ್ಲಿ ಎಳೆಯ ಮಕ್ಕಳಿಗೆ ಜಾತಿ, ನುಡಿ, ಮತಗಳ ವಿಷಯವನ್ನು ಹೇಳಿಕೊಡಬೇಕೇ? ಹೇಳಿಕೊಡುವುದಾದರೆ ಹೇಗೆ? ಈ ಪ್ರಶ್ನೆಗಳನ್ನು ನನ್ನ ಅಲ್ಪ ತಿಳಿವಳಿಕೆಗೆ ಎಟುಕಿದಷ್ಟು ವಿಚಾರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಕಳೆದ ವರ್ಷ ನಮ್ಮ ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ಶಿಬಿರವು ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಡೆಯಿತು. ಬೆಳಗಿನ ಶ್ರಮದಾನ ಮುಗಿದ ಮೇಲೆ ಎರಡನೆಯ ತರಗತಿಯ ಮಕ್ಕಳಿಗೆ ಆಟ-ಪಾಠ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ದಿನ ಎಲ್ಲರನ್ನೂ ವೃತ್ತಾಕಾರವಾಗಿ ಕುಳಿತುಕೊಳ್ಳಲು ಹೇಳಿದೆ. ಒಬ್ಬ ಹುಡುಗಿ ನಿಂತೇ ಇದ್ದಳು.

“ಯಾಕವ್ವ, ಕುಂದ್ರು” ಎಂದೆ.

“ನಾ ಅಕಿ ಬಾಜು ಕುಂದ್ರಲ್ಲರೀ ಅಕ್ಕೋರೇ. ನಮ್ಮವ್ವ ಬೈತಾಳ.”

ನಾನು ಏನು ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಅದೇ ಹುಡುಗಿ ನನ್ನ ಮುಖ ನೋಡಿ, “ಅಕ್ಕೋರೇ, ನೀವ್ ಯಾರ ಪೈಕಿ ಅದೀರಿ?” ಎಂದು ಕೇಳಿದಳು.

ಆಕೆಗೆ ಏಳು ವರ್ಷವಿರಬಹುದು. ಒತ್ತಕ್ಷರ ಇನ್ನೂ ಸರಿಯಾಗಿ ಬರುತ್ತಿರಲಿಲ್ಲ. ‘ಹತ್ತರ ಪೈಕಿ ಮೂರು’ ಎಂಬ ಲೆಕ್ಕ ಬಾರದಿದ್ದರೂ ಮನುಷ್ಯರನ್ನು ‘ಪೈಕಿ’ ಎಣಿಸುವ ಲೆಕ್ಕ ಆಕೆಗೆ ಚೆನ್ನಾಗಿ ಬರುತ್ತಿತ್ತು. ನಾನು ಉತ್ತರ ಕೊಡದೆ ಹಾಡು ಹೇಳಿಸಲು ತೊಡಗಿದೆ. ಆ ದಿನ ನಾನು ಸುಮ್ಮನಿದ್ದುದು ತಪ್ಪೆಂದು ಈಗ ತೋರುತ್ತದೆ.

ಮಕ್ಕಳಿಗೆ ಏನೂ ತಿಳಿಯದೇ?

‘ಮಕ್ಕಳು ದೇವರ ಸಮಾನ, ಅವರ ಮುಂದೆ ಜಾತಿಯ ಮಾತೆತ್ತಿ ಮನಸ್ಸು ಕೆಡಿಸಬಾರದು’ ಎಂದು ಅನೇಕರು ಹೇಳುತ್ತಾರೆ. ಈ ಮಾತಿನ ಹಿಂದೆ ಒಳ್ಳೆಯ ಉದ್ದೇಶವಿದೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಮಕ್ಕಳಿಗೆ ಏನೂ ತಿಳಿದಿಲ್ಲವೆಂಬ ನಂಬಿಕೆಯ ಮೇಲೆ ಇದು ನಿಂತಿದೆ. ಆ ನಂಬಿಕೆ ನಿಜವಲ್ಲ.

ಅಮೆರಿಕದಲ್ಲಿ ಕೆನೆತ್ ಕ್ಲಾರ್ಕ್ ಮತ್ತು ಮೇಮಿ ಕ್ಲಾರ್ಕ್ ಎಂಬ ನೀಗ್ರೋ ದಂಪತಿಗಳು (ಆ ಕಾಲದ ಪುಸ್ತಕಗಳು ಬಳಸಿದ ಆ ಹೆಸರನ್ನು ಇಂದು ಯಾರೂ ಬಳಸುವುದಿಲ್ಲ, ಕಪ್ಪು ಜನರೆನ್ನುತ್ತಾರೆ) 1940ರ ಸುಮಾರಿನಲ್ಲಿ ಒಂದು ಪ್ರಯೋಗ ಮಾಡಿದರು. ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಣ್ಣ ಒಂದನ್ನುಳಿದು ಎಲ್ಲದರಲ್ಲಿಯೂ ಸಮನಾದ ಗೊಂಬೆಗಳನ್ನಿಟ್ಟು, ಯಾವುದು ಚೆಂದ, ಯಾವುದು ಕೆಟ್ಟದ್ದು, ಯಾವುದು ನಿನ್ನಂತಿದೆ ಎಂದು ಕೇಳಿದರು. ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯೇ ಚೆಂದವೆಂದರು. ‘ನಿನ್ನಂತಿರುವುದು ಯಾವುದು?’ ಎಂದಾಗ ಕೆಲವು ಮಕ್ಕಳು ಅತ್ತುಬಿಟ್ಟರು. ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿರುವುದು ಸಂವಿಧಾನಕ್ಕೆ ವಿರುದ್ಧವೆಂದು 1954ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಾಗ ಈ ಕ್ಲಾರ್ಕ್ ಅವರ ಬರಹವನ್ನೂ ನೆನೆಯಿತು.

ಅಮೆರಿಕದ ವರ್ಣದ್ವೇಷವೂ ನಮ್ಮ ಜಾತಿಯೂ ಒಂದೇ ಅಲ್ಲ. ಆದರೆ ಎರಡೂ ಹುಟ್ಟಿನಿಂದಲೇ ಮನುಷ್ಯನ ಬೆಲೆ ಕಟ್ಟುತ್ತವೆ. ಜ್ಯೋತಿಬಾ ಫುಲೆಯವರು 1873ರಲ್ಲಿ ಪ್ರಕಟಿಸಿದ ‘ಗುಲಾಮಗಿರಿ’ ಎಂಬ ಗ್ರಂಥವನ್ನು ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದರು. 1959ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಭಾರತಕ್ಕೆ ಬಂದಿದ್ದಾಗ ಕೇರಳದ ಒಂದು ಶಾಲೆಯ ಮುಖ್ಯೋಪಾಧ್ಯಾಯರು ಅವರನ್ನು ಮಕ್ಕಳಿಗೆ ಅಮೆರಿಕದ ಅಸ್ಪೃಶ್ಯರೆಂದು ಪರಿಚಯಿಸಿದರಂತೆ. ಆ ಶಾಲೆಯಲ್ಲಿ ಕಲಿಯುತ್ತಿದ್ದವರು ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳೇ. ಕಿಂಗ್ ಅವರಿಗೆ ಮೊದಲು ಅಸಮಾಧಾನವಾಯಿತು. ಆಮೇಲೆ, ಹೌದು, ಆ ಮಾತು ಸರಿ ಎಂದು ಒಪ್ಪಿಕೊಂಡರು. ಈ ಸಂಗತಿಯನ್ನು ಅವರೇ 1965ರ ಒಂದು ಪ್ರವಚನದಲ್ಲಿ ಹೇಳಿದ್ದಾರೆ.

ನಮ್ಮ ಮಕ್ಕಳ ಮುಂದೆ ಯಾರೂ ಗೊಂಬೆ ಇಡಬೇಕಾಗಿಲ್ಲ. ಯಾವ ಮನೆಯ ಕಟ್ಟೆಯ ಮೇಲೆ ಕೂಡಬಹುದು, ಯಾವ ಮನೆಯಲ್ಲಿ ನೀರು ಕೇಳಬಾರದು, ಯಾರನ್ನು ‘ರೀ’ ಎನ್ನಬೇಕು, ಯಾವ ಮುದುಕನನ್ನು ಸಹ ‘ಲೇ’ ಎನ್ನಬಹುದು ಎಂಬುದನ್ನು ಊರೇ ಕಲಿಸಿಕೊಟ್ಟಿರುತ್ತದೆ. ಮಗು ಒಂದನೆಯ ತರಗತಿಗೆ ಬರುವಾಗ ಸ್ಲೇಟು ಖಾಲಿಯಿರಬಹುದು, ಮನಸ್ಸು ಖಾಲಿಯಿರುವುದಿಲ್ಲ.

ಶಾಲೆಯ ಮೌನವೂ ಒಂದು ಪಾಠ

ಹಾಗಾದರೆ ಶಾಲೆ ಸುಮ್ಮನಿದ್ದರೆ ಏನಾಗುತ್ತದೆ? ಊರು ಕಲಿಸಿದ್ದೇ ಸರಿಯೆಂದು ಶಾಲೆ ಒಪ್ಪಿದಂತಾಗುತ್ತದೆ. ಕೆಲವೊಮ್ಮೆ ಶಾಲೆ ಸುಮ್ಮನಿರುವುದೂ ಇಲ್ಲ. ತಿಳಿಯದೆ ಊರಿನ ಪಾಠವನ್ನೇ ಮುಂದುವರಿಸುತ್ತದೆ.

ಅಂಬೇಡ್ಕರರು ಬಾಲ್ಯದಲ್ಲಿ ತರಗತಿಯ ಮೂಲೆಯಲ್ಲಿ ಮನೆಯಿಂದ ತಂದ ಗೋಣಿತಟ್ಟಿನ ಮೇಲೆ ಕೂಡಬೇಕಾಗಿತ್ತು. ನೀರಡಿಕೆಯಾದರೆ ನಲ್ಲಿ ಮುಟ್ಟುವಂತಿರಲಿಲ್ಲ. ಶಾಲೆಯ ಜವಾನ ಬಂದು ನಲ್ಲಿ ತಿರುವಿದರೆ ನೀರು, ಅವನು ಬಾರದಿದ್ದರೆ ನೀರಿಲ್ಲ. ಇದನ್ನು ಅವರೇ ಬರೆದಿಟ್ಟಿದ್ದಾರೆ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ತೊಡೆದುಹಾಕಿತು. 1955ರಲ್ಲಿ ಅದನ್ನು ಶಿಕ್ಷಾರ್ಹ ಅಪರಾಧವಾಗಿಸಿದ ಕಾನೂನು ಬಂತು. ಗೋಣಿತಟ್ಟು ಹೋಯಿತು. ಆದರೆ ಅದರ ಗುರುತು ಪೂರ್ಣ ಅಳಿದಿದೆಯೇ?

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗಿನ ಒಂದು ಪ್ರಸಂಗವನ್ನು ಹೇಳುತ್ತೇನೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನ. ಮಾಸ್ತರರು ಹಾಜರಿ ಪುಸ್ತಕ ತೆರೆದು ಒಂದೊಂದು ಜಾತಿಯ ಹೆಸರನ್ನೂ ಗಟ್ಟಿಯಾಗಿ ಕೂಗಿ, “ಇವರು ಎದ್ದು ನಿಲ್ರಿ” ಎಂದರು. ಅವರು ಕೆಟ್ಟವರಲ್ಲ, ಕೆಲಸ ಬೇಗ ಮುಗಿಯಲೆಂದು ಹಾಗೆ ಮಾಡಿದರು. ನನ್ನ ಪಕ್ಕದಲ್ಲಿ ನನ್ನ ಗೆಳತಿಯಿದ್ದಳು. ಅಂದಿನವರೆಗೆ ನಾವಿಬ್ಬರೂ ಕುಂಟಬಿಲ್ಲೆ ಆಡಿ ಬಂದು ಹರವಿಯಿಂದ ಒಂದೇ ಚರಗಿಯಲ್ಲಿ ನೀರು ಕುಡಿಯುತ್ತಿದ್ದೆವು. ಅಂದು ಒಬ್ಬಳು ಎದ್ದು ನಿಂತಳು; ಒಬ್ಬಳು ಕುಳಿತೇ ಇದ್ದಳು. ಮರುದಿನದಿಂದ ಚರಗಿ ಎರಡಾದವು. ಯಾರೂ ನಮಗೆ ಹಾಗೆ ಮಾಡಿರೆಂದು ಹೇಳಲಿಲ್ಲ. ನಾವೇ ಮಾಡಿಕೊಂಡೆವು.

ಎದ್ದು ನಿಂತವಳು ನಾನೋ ಕುಳಿತವಳು ನಾನೋ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಏಕೆಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ಆ ಗೆಳತಿ ಏಳನೆಯ ತರಗತಿ ಮುಗಿದ ಮೇಲೆ ತಂದೆ-ತಾಯಿಗಳೊಡನೆ ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಹೋದಳು. ಮತ್ತೆ ಶಾಲೆಗೆ ಬರಲಿಲ್ಲ. ಬಡತನವೇ ಅದಕ್ಕೆ ಕಾರಣವೆಂದು ಎಲ್ಲರೂ ಹೇಳಿದರು. ನಾನೂ ಹಾಗೆಯೇ ಹೇಳುತ್ತೇನೆ. ಆದರೆ ಶಾಲೆಯಲ್ಲಿ ತನ್ನವರೆನ್ನುವವರು ಇದ್ದಿದ್ದರೆ ಮರಳಿ ಬರುವ ಆಸೆಯೊಂದು ಉಳಿಯುತ್ತಿತ್ತೇನೋ ಎಂದು ಆಗಾಗ ಅನ್ನಿಸುತ್ತದೆ. 2011ರ ಜನಗಣತಿಯಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52. ರಾಜ್ಯದಲ್ಲೆಲ್ಲ ಅದೇ ಕಡಿಮೆ. ಹೆಣ್ಣುಮಕ್ಕಳಲ್ಲಿ ಅದು ನೂರಕ್ಕೆ ಸುಮಾರು 41 ಮಾತ್ರ. ಇಂಥ ಸೀಮೆಯಲ್ಲಿ ಒಂದು ಮಗುವಿಗೆ ‘ಈ ಶಾಲೆ ನನ್ನದು’ ಎನಿಸುವುದು ಸಣ್ಣ ಸಂಗತಿಯಲ್ಲ.

ನುಡಿಯ ಗೋಡೆ

ಜಾತಿಯಷ್ಟೇ ಅಲ್ಲದೆ ನುಡಿಯೂ ನಮ್ಮಲ್ಲಿ ಮಕ್ಕಳನ್ನು ಬೇರೆ ಮಾಡುತ್ತದೆ. ತಾಂಡಾದಿಂದ ಬರುವ ಮಗುವಿನ ಮನೆಮಾತು ಲಂಬಾಣಿ. ಗುರುಮಠಕಲ್ ಕಡೆ ತೆಲುಗು ಮನೆಮಾತಿನ ಮಕ್ಕಳಿದ್ದಾರೆ. ಪೇಟೆಗಳಲ್ಲಿ ಉರ್ದು ಮನೆಮಾತಿನವರು ಬಹಳ. ತಾಂಡಾದ ಮಗು ಮೊದಲ ದಿನ ಶಾಲೆಗೆ ಬಂದು ಬಾಯಿ ಬಿಡದಿದ್ದರೆ ‘ದಡ್ಡ’ ಎಂಬ ಹೆಸರು ಬರುತ್ತದೆ. ಅದು ದಡ್ಡನಲ್ಲ, ಕೇಳಿದ ಪ್ರಶ್ನೆಯ ಮಾತೇ ಅದಕ್ಕೆ ತಿಳಿದಿಲ್ಲ.

ಈ ಕಷ್ಟವು ಇತರರಿಗಿಂತ ನಮಗೇ ಚೆನ್ನಾಗಿ ತಿಳಿಯಬೇಕಾಗಿತ್ತು. ನಮ್ಮ ಸೀಮೆಯು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ. ನಮ್ಮೂರಿನಲ್ಲಿ ತೊಂಬತ್ತರ ಸಮೀಪದ ಹಿರಿಯರೊಬ್ಬರಿದ್ದಾರೆ. ತಾವು ಓದಿದ ದಿನಗಳನ್ನು ನೆನೆದು, “ಮಾಸ್ತರ ಕೇಳಿದ್ದು ನಮಗ ತಿಳೀತಿದ್ದಿಲ್ಲ, ನಮಗ ತಿಳಿದಿದ್ದು ಅವರು ಕೇಳ್ತಿದ್ದಿಲ್ಲ” ಎನ್ನುತ್ತಾರೆ. ಅದು ಉರ್ದುವಿನ ತಪ್ಪಲ್ಲ. ಉರ್ದು ನಮ್ಮ ನೆರೆಮನೆಯವರ ತಾಯಿನುಡಿ. ಮಗುವಿನ ನುಡಿಯನ್ನು ಹೊಸ್ತಿಲ ಹೊರಗೆ ನಿಲ್ಲಿಸಿದ್ದೇ ತಪ್ಪು. 1956ರಲ್ಲಿ ಕರ್ನಾಟಕ ಏಕೀಕರಣವಾಗಿ ಕನ್ನಡವು ನಮ್ಮ ಶಾಲೆಗಳ ಒಡತಿಯಾಯಿತು. ನಿನ್ನೆ ಹೊರಗೆ ನಿಂತವರು ನಾವು. ಇಂದು ತಾಂಡಾದ ಮಗುವನ್ನು ಹೊರಗೆ ನಿಲ್ಲಿಸಬಹುದೇ? ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಬೋಧನೆಗೆ ಅನುಕೂಲ ಮಾಡಬೇಕೆಂದು ಸಂವಿಧಾನಕ್ಕೆ 350-ಎ ಅನುಚ್ಛೇದವನ್ನು ಸೇರಿಸಿದ್ದೂ ಅದೇ 1956ರಲ್ಲಿ.

ನಮ್ಮ ಮಕ್ಕಳು ಗುಳೆ ಹೋದಾಗ ಬೆಂಗಳೂರಿನಲ್ಲಿ ಅವರ ಕನ್ನಡವನ್ನು ಕೇಳಿ ಅಲ್ಲಿನ ಮಕ್ಕಳು ನಗುತ್ತಾರೆಂದು ನಮಗೆ ನೋವಾಗುತ್ತದೆ. ಆ ನೋವನ್ನೇ ನೆನೆದರೆ ಸಾಕು, ತಾಂಡಾದ ಮಗುವನ್ನು ನೋಡಿ ನಾವು ನಗಲಾರೆವು.

ನಮ್ಮ ಮಣ್ಣಿನಲ್ಲೇ ಇರುವ ಪಾಠ

ಎಳೆಯ ಮಕ್ಕಳಿಗೆ ಸಮಾನತೆಯ ಮೇಲೆ ಭಾಷಣ ಮಾಡಿದರೆ ಆಕಳಿಸುತ್ತಾರೆ. ಕಥೆ ಹೇಳಿದರೆ ಕಣ್ಣರಳಿಸುತ್ತಾರೆ. ಅದಕ್ಕೆ ಬೇಕಾದ ಕಥೆಗಳು ದೂರದಲ್ಲಿಲ್ಲ.

ಸುರಪುರ ಸೀಮೆಯ ಕೆಂಭಾವಿಯಲ್ಲಿ ಭೋಗಣ್ಣನೆಂಬ ಶಿವಭಕ್ತನಿದ್ದನು. ಊರವರು ಕೀಳೆಂದು ದೂರವಿಟ್ಟ ಅತಿಥಿಯನ್ನು ಮನೆಗೆ ಕರೆದು ಉಣಬಡಿಸಿದನೆಂದು ಊರು ಅವನನ್ನು ಹೊರಗೆ ಹಾಕಿತು. ಭೋಗಣ್ಣ ಹೊರಟಾಗ ಊರಿನ ಗುಡಿಗಳಲ್ಲಿದ್ದ ಲಿಂಗಗಳೆಲ್ಲ ಅವನ ಹಿಂದೆಯೇ ಹೊರಟವೆಂದು ಶರಣರ ಕಥೆ ಹೇಳುತ್ತದೆ. ಶಿಬಿರದ ನಾಲ್ಕನೆಯ ದಿನ ಈ ಕಥೆಯನ್ನು ಹೇಳಿದೆ. “ಲಿಂಗಕ್ಕ ಕಾಲೆಲ್ಲಿರತಾವ್ರೀ?” ಎಂದು ಒಬ್ಬ ಕೇಳಿದ. “ಉರುಳಿಕೋತ ಹೋದ್ವಲೇ” ಎಂದು ಇನ್ನೊಬ್ಬ ಉತ್ತರ ಕೊಟ್ಟ. ಮೊದಲ ದಿನ ನಿಂತೇ ಇದ್ದ ಆ ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, “ಹಂಗಾರ ಗುಡಿ ಖಾಲಿ ಆತೇನ್ರೀ?” ಎಂದು ಕೇಳಿದಳು. ಒಬ್ಬನನ್ನು ಹೊರಗೆ ಹಾಕಿದರೆ ಗುಡಿಯೇ ಖಾಲಿಯಾಗುತ್ತದೆಂಬ ಅರ್ಥವನ್ನು ನಾನು ಹೇಳಿರಲಿಲ್ಲ, ಆಕೆಯೇ ಕಂಡುಕೊಂಡಳು.

ಇಂಥವು ಇನ್ನೂ ಇವೆ. ದೇವರ ದಾಸಿಮಯ್ಯನು ಸುರಪುರ ಸೀಮೆಯ ಮುದನೂರಿನವನು, ನೇಯ್ದು ಬದುಕಿದವನು. ಕೃಷ್ಣೆಯ ದಂಡೆಯ ತಿಂಥಣಿಯ ಮೌನೇಶ್ವರನಿಗೆ ಹಿಂದೂಗಳೂ ಮುಸಲ್ಮಾನರೂ ನಡೆದುಕೊಳ್ಳುತ್ತಾರೆ. ಕೊಡೇಕಲ್ ಬಸವಣ್ಣನ ಪರಂಪರೆಯಲ್ಲಿಯೂ ಎರಡು ಮತಗಳ ಆಚಾರ ಬೆರೆತಿದೆ. ಸುರಪುರದ ಬಾಲರಾಜ ವೆಂಕಟಪ್ಪ ನಾಯಕನು, 1853ರವರೆಗೆ ಅಲ್ಲಿನ ಆಡಳಿತ ನೋಡಿಕೊಂಡ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಬಣ್ಣ ಬೇರೆಯಾದರೂ ಅಕ್ಕರೆ ಹುಟ್ಟಬಲ್ಲುದೆಂಬುದಕ್ಕೆ ಇದು ನಿದರ್ಶನ. ಅದೇ ಇಂಗ್ಲಿಷರ ದಂಡು 1858ರಲ್ಲಿ ಅದೇ ರಾಜನ ಬಂಡಾಯವನ್ನು ಹತ್ತಿಕ್ಕಿತು. ಅಕ್ಕರೆಯೊಂದಿದ್ದರೆ ನ್ಯಾಯ ಸಿಕ್ಕಂತಾಗಲಿಲ್ಲವೆಂಬ ಈ ಎರಡನೆಯ ಭಾಗವನ್ನು ಸ್ವಲ್ಪ ದೊಡ್ಡ ಮಕ್ಕಳಿಗೆ ಹೇಳಬಹುದು.

ಶಿಕ್ಷಕರು ಮಾಡಬಹುದಾದ ಕೆಲಸಗಳು

ಕಥೆ ಮಾತ್ರ ಸಾಲದು. ಮಕ್ಕಳು ಕಿವಿಗಿಂತ ಕಣ್ಣಿನಿಂದ ಹೆಚ್ಚು ಕಲಿಯುತ್ತಾರೆ. ಆದ್ದರಿಂದ ಶಾಲೆಯ ದಿನನಿತ್ಯದ ನಡೆಯಲ್ಲಿ ಕೆಳಗಿನವು ಇರಬೇಕೆಂದು ನನಗೆ ತೋರುತ್ತದೆ.

ಮೊದಲನೆಯದು, ಹಾಜರಿ ಪುಸ್ತಕ. ಜಾತಿಯನ್ನು ಬರೆದಿಡುವುದು ಅವಶ್ಯ. ವಿದ್ಯಾರ್ಥಿವೇತನವು ಭಿಕ್ಷೆಯಲ್ಲ, ಹಕ್ಕು. ಆದರೆ ಅದು ಪುಸ್ತಕದಲ್ಲಿರಲಿ, ತರಗತಿಯ ಬಾಯಲ್ಲಿ ಬೇಡ. ಪಾಲಕರನ್ನು ಕರೆದು ಅರ್ಜಿ ತುಂಬಿಸಿದರೆ ಒಂದು ದಿನ ಹೆಚ್ಚು ಹಿಡಿದೀತು. ಎರಡು ಚರಗಿಗಳು ಒಂದಾಗಿ ಉಳಿದಾವು.

ಎರಡನೆಯದು, ಕೂಡುವ ಜಾಗ. ನಮ್ಮ ರಾಜ್ಯದ ‘ನಲಿ-ಕಲಿ’ ಪದ್ಧತಿಯು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಈಗ ಒಂದರಿಂದ ಮೂರನೆಯ ತರಗತಿಯವರೆಗೆ ಎಲ್ಲೆಡೆ ಬಂದಿದೆ. ಅದರಲ್ಲಿ ಮಕ್ಕಳು ಕಲಿಕೆಯ ಹಂತಕ್ಕೆ ತಕ್ಕಂತೆ ಗುಂಪುಗಳಲ್ಲಿ ಕೂಡುತ್ತಾರೆ. ಕಲಿತಂತೆ ಗುಂಪು ಬದಲಾಗುತ್ತದೆ. ಯಾರ ಬಾಜುವಿಗೆ ಯಾರು ಎಂಬುದನ್ನು ಕೇರಿಯಲ್ಲ, ಕಲಿಕೆಯ ಕಾರ್ಡು ನಿರ್ಣಯಿಸುತ್ತದೆ. ಈ ಗುಣವನ್ನು ಶಿಕ್ಷಕರು ಬುದ್ಧಿಪೂರ್ವಕವಾಗಿ ಬಳಸಿಕೊಳ್ಳಬೇಕು.

ಮೂರನೆಯದು, ನೀರು ಮತ್ತು ಊಟ. 2002ರಲ್ಲಿ ಮೊದಲು ನಮ್ಮ ಈಶಾನ್ಯ ಜಿಲ್ಲೆಗಳಲ್ಲೇ ಆರಂಭವಾದ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂದು ಹೆಸರು. ‘ದಾಸೋಹ’ ಶರಣರ ಮಾತು, ಪಂಕ್ತಿಭೇದವಿದ್ದಲ್ಲಿ ದಾಸೋಹವಿಲ್ಲ. 2021ರ ಡಿಸೆಂಬರಿನಿಂದ ಯಾದಗಿರಿಯೂ ಸೇರಿ ನಮ್ಮ ಭಾಗದ ಶಾಲೆಗಳಲ್ಲಿ ಮೊಟ್ಟೆ ಕೊಡಲಾರಂಭಿಸಿದರು, ಒಲ್ಲದವರಿಗೆ ಬಾಳೆಹಣ್ಣು. ಶಿಬಿರದ ಊರಿನಲ್ಲಿ ಮೊಟ್ಟೆಯವರದೊಂದು ಸಾಲು, ಹಣ್ಣಿನವರದೊಂದು ಸಾಲು ಇದ್ದುದನ್ನು ಕಂಡೆ. ಹಂಚಲು ಸುಲಭವೆಂದು ಹಾಗೆ ಮಾಡಿದ್ದರು. ಆದರೆ ಮಕ್ಕಳು ಆ ಸಾಲುಗಳಿಗೆ ಬೇರೆ ಹೆಸರಿಟ್ಟುಕೊಂಡಿದ್ದರು. ಒಂದೇ ಸಾಲಿನಲ್ಲಿ ಕೂಡಿಸಿ ಬುಟ್ಟಿಗಳೆರಡನ್ನೂ ಅವರ ಮುಂದೆ ಒಯ್ದರೆ ಯಾರ ಆಹಾರಕ್ಕೂ ಧಕ್ಕೆಯಿಲ್ಲ, ಯಾರ ಮಾನಕ್ಕೂ ಕುಂದಿಲ್ಲ.

ನಾಲ್ಕನೆಯದು, ಹೆಸರು ಮತ್ತು ನುಡಿ. ಮಗುವಿನ ಹೆಸರನ್ನು ಮನೆಯವರು ಕರೆಯುವಂತೆಯೇ ಕರೆಯಬೇಕು. ತಾಂಡಾದ ಮಕ್ಕಳಿರುವ ತರಗತಿಯ ಶಿಕ್ಷಕರು ನೀರು, ಊಟ, ಅವ್ವ, ನೋವು ಇಂಥ ಹತ್ತಿಪ್ಪತ್ತು ಲಂಬಾಣಿ ಮಾತುಗಳನ್ನು ಆ ಮಕ್ಕಳಿಂದಲೇ ಕಲಿತರೆ, ಅಂದು ಮಗು ಗುರುವಾಗುತ್ತದೆ. ‘ಕರಿಯ’ ಎಂದು ಮೈಬಣ್ಣದಿಂದ ಕರೆಯುವುದನ್ನೂ, ಜಾತಿಯ ಹೆಸರನ್ನು ಬೈಗುಳವಾಗಿ ಬಳಸುವುದನ್ನೂ ಕೇಳಿದಾಗ ಶಿಕ್ಷಕರು ಕೇಳದಂತೆ ಇರಬಾರದು. ಹೊಡೆಯದೆ, ಬೈಯದೆ, ‘ಆ ಮಾತು ಯಾರು ಕಲಿಸಿದರು? ನಿನಗೆ ಹಾಗೆಂದರೆ ಹೇಗನ್ನಿಸುತ್ತದೆ?’ ಎಂದು ಕೂಡಿಸಿಕೊಂಡು ಕೇಳಬೇಕು.

ಎರಡು ಆಕ್ಷೇಪಗಳು

‘ಅವಮಾನವೆಂದರೇನೆಂದು ಮಕ್ಕಳಿಗೆ ಅನುಭವದಿಂದಲೇ ತಿಳಿಸಬೇಕು’ ಎಂದು ಕೆಲವರು ಹೇಳಬಹುದು. ಕಿಂಗ್ ಅವರ ಕೊಲೆಯಾದ ಮರುದಿನ, 1968ರ ಏಪ್ರಿಲ್ 5ರಂದು, ಅಮೆರಿಕದ ಅಯೋವಾ ಪ್ರಾಂತದ ಜೇನ್ ಎಲಿಯಟ್ ಎಂಬ ಶಿಕ್ಷಕಿ ತಮ್ಮ ಮೂರನೆಯ ತರಗತಿಯ ಬಿಳಿಯ ಮಕ್ಕಳನ್ನು ನೀಲಿ ಕಣ್ಣಿನವರು, ಕಂದು ಕಣ್ಣಿನವರು ಎಂದು ವಿಂಗಡಿಸಿ ಒಂದು ಗುಂಪು ಮೇಲು, ಇನ್ನೊಂದು ಕೀಳು ಎಂದು ನಡೆಸಿಕೊಂಡರು. ಒಂದೇ ದಿನದಲ್ಲಿ ಮೇಲೆನಿಸಿಕೊಂಡ ಮಕ್ಕಳಲ್ಲಿ ಗರ್ವ, ಕೀಳೆನಿಸಿಕೊಂಡವರಲ್ಲಿ ಕುಗ್ಗು ಕಂಡುಬಂತು. ಭೇದಭಾವ ಎಷ್ಟು ಬೇಗ ಕಲಿತುಬರುತ್ತದೆಂದು ಲೋಕಕ್ಕೆ ತೋರಿಸಿದ ಪ್ರಯೋಗವಿದು. ಆದರೆ ನಮ್ಮ ಶಾಲೆಗೆ ಇದು ತಕ್ಕುದಲ್ಲವೆಂದು ನನ್ನ ಅಭಿಪ್ರಾಯ. ಆ ಅನುಭವವನ್ನು ಅನುದಿನವೂ ಉಣ್ಣುವ ಮಕ್ಕಳು ನಮ್ಮ ತರಗತಿಯಲ್ಲೇ ಕುಳಿತಿದ್ದಾರೆ. ಅವರಿಗೆ ಬೇಕಾದದ್ದು ಒಂದು ದಿನದ ಅವಮಾನವಲ್ಲ, ಒಂದು ವರ್ಷದ ಮರ್ಯಾದೆ.

‘ಜಾತಿಯ ಮಾತೇ ಬೇಡವೆಂದರೆ ಮಕ್ಕಳಿಗೆ ಸತ್ಯವನ್ನು ಮುಚ್ಚಿಟ್ಟಂತಲ್ಲವೇ?’ ಎಂಬುದು ಎರಡನೆಯ ಆಕ್ಷೇಪ. ಮುಚ್ಚಿಡಬೇಕೆಂದು ನಾನು ಹೇಳುತ್ತಿಲ್ಲ. ಒಂದು ಮಗುವನ್ನು ಎದ್ದು ನಿಲ್ಲಿಸುವುದು ಬೇರೆ, ಎಲ್ಲ ಮಕ್ಕಳ ಮುಂದೆ ಅನ್ಯಾಯದ ಕಥೆ ಹೇಳುವುದು ಬೇರೆ. ಎಂಟು-ಒಂಬತ್ತು ವರ್ಷದ ಮಗುವಿಗೆ ಅಂಬೇಡ್ಕರರ ಗೋಣಿತಟ್ಟಿನ ಕಥೆ ತಿಳಿಯುತ್ತದೆ. ಅದನ್ನು ತಿಳಿದ ಮಗುವಿಗೆ ವಿದ್ಯಾರ್ಥಿವೇತನ ಏಕೆಂಬುದೂ ಮುಂದೆ ತಿಳಿಯುತ್ತದೆ. ತಿಳಿಯದ ಮಗು, ದೊಡ್ಡವನಾದ ಮೇಲೆ, ‘ಅವರಿಗೇಕೆ ಪುಕ್ಕಟೆ?’ ಎಂದು ಕೇಳುತ್ತದೆ. ಇಂಥ ಮಾತನ್ನು ನಮ್ಮ ಕಾಲೇಜಿನ ಕಟ್ಟೆಯ ಮೇಲೂ ಕೇಳುತ್ತೇವಲ್ಲವೇ?

ಉಪಸಂಹಾರ

2023ರಿಂದ ನಮ್ಮ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸುತ್ತಾರೆ. ‘ಇವನು ಯಾರವನು’ ಎಂದು ಕೇಳದೆ ‘ನಮ್ಮವನು’ ಎನ್ನಬೇಕೆಂಬ ಅರ್ಥದ ಬಸವಣ್ಣನವರ ವಚನವೂ ಮಕ್ಕಳಿಗೆಲ್ಲ ಬಾಯಿಪಾಠ. ಬೆಳಗಿನ ಪ್ರಾರ್ಥನೆಯಲ್ಲಿ ಅದನ್ನು ಹಾಡಿ, ಮಧ್ಯಾಹ್ನ ಊಟದ ಸಾಲಿನಲ್ಲಿ ‘ನೀ ಯಾರ ಪೈಕಿ?’ ಎಂದು ಕೇಳುವಂತಾದರೆ ಬಾಯಿಪಾಠ ಬಾಯಲ್ಲೇ ಉಳಿಯಿತೆಂದು ಅರ್ಥ.

ಈ ಲೇಖನವನ್ನು ಓದುತ್ತ, ‘ಬರೆದವಳು ಯಾರ ಪೈಕಿ? ಎದ್ದು ನಿಂತವಳೋ, ಕುಳಿತವಳೋ?’ ಎಂಬ ಕುತೂಹಲ ಕೆಲವು ವಾಚಕರಿಗಾದರೂ ಹುಟ್ಟಿರಬಹುದು. ಅದಕ್ಕಾಗಿ ಯಾರನ್ನೂ ನಾನು ದೂರುವುದಿಲ್ಲ. ಬೇರೆಯವರು ಬರೆದದ್ದನ್ನು ಓದುವಾಗ ನನಗೂ ಹುಟ್ಟುತ್ತದೆ. ಅದು ನಮಗೆಲ್ಲ ಎರಡನೆಯ ತರಗತಿಗೂ ಮೊದಲೇ ಕಲಿಸಿದ ಪಾಠ. ಅದನ್ನು ನಾನು ತಣಿಸದೆ ಬಿಟ್ಟಿರುವುದು, ಅದು ಎಷ್ಟು ಆಳವಾಗಿ ಬೇರುಬಿಟ್ಟಿದೆಯೆಂದು ನಾವೆಲ್ಲ ಒಂದು ಕ್ಷಣ ನೋಡಿಕೊಳ್ಳಲೆಂದು.

ನಮ್ಮ ಮನೆಯಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ಮುಂದೆ ಶಿಕ್ಷಕಿಯಾಗಬೇಕೆಂಬ ಆಸೆಯಿದೆ. ನಮ್ಮ ತರಗತಿಯ ಇನ್ನೂ ಅನೇಕರು ಇದೇ ಸೀಮೆಯ ಶಾಲೆಗಳಿಗೆ ಮಾಸ್ತರರಾಗಿ, ಅಕ್ಕೋರಾಗಿ ಹೋಗುವರು. ಆಗ ಒಂದು ಮಗು ನಮ್ಮ ಮುಖ ನೋಡಿ ಅದೇ ಪ್ರಶ್ನೆಯನ್ನು ಕೇಳದಿರುವುದಿಲ್ಲ. ಶಿಬಿರದಲ್ಲಿ ನಾನು ಸುಮ್ಮನಿದ್ದೆ. ಇನ್ನೊಮ್ಮೆ ಕೇಳಿದರೆ, “ನಾ ಈ ಸಾಲಿ ಪೈಕಿ ಅದೀನವ್ವ. ನೀನೂ ಈ ಸಾಲಿ ಪೈಕಿ, ಅಕಿನೂ ಈ ಸಾಲಿ ಪೈಕಿ” ಎಂದು ಹೇಳಬೇಕೆಂದುಕೊಂಡಿದ್ದೇನೆ. ಆ ಉತ್ತರ ಸುಳ್ಳಾಗದಂತೆ ಹರವಿಯ ಬಳಿ ಒಂದೇ ಚರಗಿ ಇಡುವ ಹೊಣೆ ಆಗ ನನ್ನದೇ.